ಸಿಪಾಯಿ ಯಾರ ಆಜ್ಞೆ ಪಾಲಿಸಬೇಕು?

ಧಾರವಾಡ

ಚಿ. ಮೇಘನಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ಚೆನ್ನೈಯ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಆಯ್ಕೆಯಾದ ಸುದ್ದಿಯನ್ನು ನಿನ್ನ ಅಜ್ಜಿ ಓಣಿಯ ಪ್ರತಿ ಮನೆಗೂ ಮುಟ್ಟಿಸಿದ್ದಾಳೆ. ನಮ್ಮ ಮನೆತನದಲ್ಲಿ ಸೈನ್ಯಕ್ಕೆ ಹೊರಟ ಮೊದಲಿಗಳು ನೀನು. ನಮಗೆಲ್ಲ ಎಷ್ಟು ಹೆಮ್ಮೆ ಎಂಬುದನ್ನು ಬರೆದು ಮುಗಿಸಲಾಗದು.

ನಿನ್ನ ಪತ್ರದ ಕೊನೆಯ ಸಾಲುಗಳು ನನ್ನನ್ನು ಯೋಚನೆಗೆ ಹಚ್ಚಿದವು. "ದೇಶ ಕಾಯೋದು ಸೈನ್ಯ, ಸಂವಿಧಾನ ಬೇಕಾಗೋದು ಕೋರ್ಟಿಗೆ. ಬ್ರಿಟನ್ನಿಗೂ ಇಸ್ರೇಲಿಗೂ ಲಿಖಿತ ಸಂವಿಧಾನವೇ ಇಲ್ಲ. ಆ ದೇಶಗಳೇನು ಭದ್ರವಾಗಿಲ್ಲವೇ ದೊಡ್ಡಪ್ಪ?" ಎಂದು ಕೇಳಿದ್ದೀ. ಸಮವಸ್ತ್ರ ತೊಡಲು ಹೊರಟವಳು ಕೇಳಲೇಬೇಕಾದ ಪ್ರಶ್ನೆ ಇದು. ನಲವತ್ತು ನಿಮಿಷದ ತರಗತಿಯಲ್ಲಿ ಇತಿಹಾಸ ಹೇಳಿ ರೂಢಿಯಾದವನು ನಾನು. ಇವತ್ತು ಗಂಟೆ ಹೊಡೆಯುವ ಭಯವಿಲ್ಲ, ಸಾವಕಾಶವಾಗಿ ಬರೆಯುತ್ತೇನೆ.

ಮೊದಲು ಒಂದು ಸಂಗತಿ. ತರಬೇತಿ ಮುಗಿದ ದಿನ ನೀನು ಪ್ರತಿಜ್ಞೆ ಸ್ವೀಕರಿಸುತ್ತೀ. ಅದರ ಕೊನೆಯಲ್ಲಿ ರಾಷ್ಟ್ರಪತಿಯ ಆಜ್ಞೆಯನ್ನೂ ಮೇಲಧಿಕಾರಿಯ ಆಜ್ಞೆಯನ್ನೂ ಪ್ರಾಣಕ್ಕೆ ಅಪಾಯ ಬಂದರೂ ಪಾಲಿಸುವ ಮಾತಿದೆ. ಆದರೆ ಅದಕ್ಕೂ ಮೊದಲು, ಎಲ್ಲಕ್ಕಿಂತ ಮುಂಚೆ ಬರುವುದು ಭಾರತದ ಸಂವಿಧಾನಕ್ಕೆ ನಿಷ್ಠೆ. ಈ ಕ್ರಮ ಯಾರೋ ಸುಮ್ಮನೆ ಬರೆದದ್ದಲ್ಲ. ಕೈಯಲ್ಲಿ ಬಂದೂಕು ಇರುವವರಿಗೆ ಯಾರ ಆಜ್ಞೆ ನ್ಯಾಯಸಮ್ಮತ ಎಂಬುದು ಮೊದಲೇ ಗೊತ್ತಿರಬೇಕು. ಅದು ಗೊತ್ತಿಲ್ಲದ ದೇಶಕ್ಕೆ ಎಷ್ಟು ದೊಡ್ಡ ಸೈನ್ಯವಿದ್ದರೂ ಭದ್ರತೆ ಇರುವುದಿಲ್ಲ. ಇದನ್ನು ತೋರಿಸುವ ಉದಾಹರಣೆ ನಮ್ಮ ಮಗ್ಗುಲಲ್ಲೇ ಇದೆ.

ಭಾರತ ಮತ್ತು ಪಾಕಿಸ್ತಾನ ಎರಡೂ ಹುಟ್ಟಿದ್ದು 1947ರ ಒಂದೇ ಕಾಯ್ದೆಯಿಂದ. ತಮ್ಮದೇ ಸಂವಿಧಾನ ಸಿದ್ಧವಾಗುವವರೆಗೆ ಎರಡೂ ದೇಶಗಳು ಬ್ರಿಟಿಷರ 1935ರ ಕಾಯ್ದೆಯನ್ನೇ ಅಷ್ಟಿಷ್ಟು ತಿದ್ದಿಕೊಂಡು ನಡೆದವು. ನಿರಾಶ್ರಿತರ ಸಂಕಟ ಎರಡೂ ಕಡೆ ಇತ್ತು, ಕಾಶ್ಮೀರದ ಯುದ್ಧ ಇಬ್ಬರಿಗೂ ಇತ್ತು. ನಮಗೆ ಅದರ ಜತೆಗೆ ಹೈದರಾಬಾದ್ ಸಂಸ್ಥಾನದ ಪ್ರಶ್ನೆಯೂ ಇತ್ತು. ಕಲಬುರಗಿ, ಬೀದರ್, ರಾಯಚೂರಿನ ಜನ 1948ರ ಸೆಪ್ಟೆಂಬರ್‌ವರೆಗೆ ಅನುಭವಿಸಿದ್ದನ್ನು ನೀನು ಓದಿದ್ದೀ. ಅಂಥ ಹೊತ್ತಿನಲ್ಲೂ ನಮ್ಮ ಸಂವಿಧಾನ ರಚನಾ ಸಭೆ ಕೆಲಸ ನಿಲ್ಲಿಸಲಿಲ್ಲ. 1946ರ ಡಿಸೆಂಬರ್ 9ರಂದು ಸೇರಿದ ಸಭೆ 1949ರ ನವೆಂಬರ್ 26ಕ್ಕೆ ಸಂವಿಧಾನವನ್ನು ಅಂಗೀಕರಿಸಿತು. ಯುದ್ಧ ಮುಗಿಯಲಿ, ಆಮೇಲೆ ನಿಯಮ ಬರೆಯೋಣ ಎಂದು ಅವರು ಕಾಯಲಿಲ್ಲ.

ಪಾಕಿಸ್ತಾನದಲ್ಲಿ ಏನಾಯಿತು ನೋಡು. ಜಿನ್ನಾ 1948ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಪ್ರಧಾನಿ ಲಿಯಾಕತ್ ಅಲಿ ಖಾನ್ 1951ರ ಅಕ್ಟೋಬರಿನಲ್ಲಿ ರಾವಲ್ಪಿಂಡಿಯ ಸಾರ್ವಜನಿಕ ಸಭೆಯಲ್ಲಿ ಗುಂಡಿಗೆ ಬಲಿಯಾದರು. ಇಬ್ಬರು ದೊಡ್ಡವರು ಹೋದ ಮೇಲೆ ಅಧಿಕಾರದ ಗಡಿಗಳು ಎಲ್ಲಿವೆ ಎಂದು ಹೇಳಲು ಒಪ್ಪಿತ ಗ್ರಂಥವಿರಲಿಲ್ಲ. ವಸಾಹತು ಕಾಲದ ಕಾಯ್ದೆ ಗವರ್ನರ್ ಜನರಲ್‌ಗೆ ಬಿಟ್ಟುಹೋದ ಹಿಡಿತ ಮಾತ್ರ ಹಾಗೇ ಇತ್ತು. ಆ ಸ್ಥಾನದಲ್ಲಿದ್ದ ಗುಲಾಂ ಮಹಮ್ಮದ್ 1953ರ ಏಪ್ರಿಲಿನಲ್ಲಿ ಪ್ರಧಾನಿ ಖ್ವಾಜಾ ನಾಜಿಮುದ್ದೀನರನ್ನು ವಜಾ ಮಾಡಿದರು. ಕೆಲವೇ ದಿನಗಳ ಹಿಂದೆ ಅದೇ ಪ್ರಧಾನಿಯ ಬಜೆಟ್ಟಿಗೆ ಸಭೆ ಒಪ್ಪಿಗೆ ಕೊಟ್ಟಿತ್ತು, ಅಂದರೆ ಬಹುಮತವಿತ್ತು. ಆದರೂ ಮನೆಗೆ ಹೋಗಬೇಕಾಯಿತು. ಅಮೆರಿಕದಲ್ಲಿ ರಾಯಭಾರಿಯಾಗಿದ್ದ ಮಹಮ್ಮದ್ ಅಲಿ ಬೋಗ್ರಾ ಬಂದು ಪ್ರಧಾನಿಯಾದರು.

ಮುಂದಿನ ವರ್ಷ ಸಂವಿಧಾನದ ಕರಡು ಬಹುತೇಕ ಸಿದ್ಧವಾಗಿತ್ತು. ಗವರ್ನರ್ ಜನರಲ್ಲನ ಅಧಿಕಾರಕ್ಕೆ ಕಡಿವಾಣ ಹಾಕುವ ಕೆಲಸಕ್ಕೂ ಸಭೆ ಕೈಹಾಕಿತ್ತು. 1954ರ ಅಕ್ಟೋಬರ್ 24ರಂದು ಗುಲಾಂ ಮಹಮ್ಮದ್ ಇಡೀ ಸಂವಿಧಾನ ರಚನಾ ಸಭೆಯನ್ನೇ ವಿಸರ್ಜಿಸಿಬಿಟ್ಟರು. ಹೊಸ ಮಂತ್ರಿಮಂಡಲದಲ್ಲಿ ರಕ್ಷಣಾ ಮಂತ್ರಿ ಯಾರು ಗೊತ್ತೇ? ಅಧಿಕಾರದಲ್ಲಿದ್ದ ಸೇನಾ ಮುಖ್ಯಸ್ಥ ಜನರಲ್ ಅಯೂಬ್ ಖಾನ್. ಸೈನ್ಯವನ್ನು ಸರ್ಕಾರದ ಹದ್ದಿನಲ್ಲಿಡಬೇಕಾದ ಕುರ್ಚಿಯಲ್ಲಿ ಸೈನ್ಯದ ದಂಡನಾಯಕನೇ ಕುಳಿತರೆ ಲೆಕ್ಕ ಕೇಳುವವರು ಯಾರು?

ಸಭೆಯ ಅಧ್ಯಕ್ಷ ತಮೀಜುದ್ದೀನ್ ಖಾನ್ ಸುಮ್ಮನೆ ಕೂಡಲಿಲ್ಲ. ಪೊಲೀಸರ ಕಣ್ಣು ತಪ್ಪಿಸಲು ಬುರ್ಖಾ ಹಾಕಿಕೊಂಡು ಕರಾಚಿಯ ನ್ಯಾಯಾಲಯಕ್ಕೆ ಹೋದರೆಂದು ಅಲ್ಲಿಯವರು ಈಗಲೂ ಹೇಳುತ್ತಾರೆ. ಸಿಂಧ್ ಮುಖ್ಯ ನ್ಯಾಯಾಲಯ 1955ರ ಫೆಬ್ರವರಿಯಲ್ಲಿ ಅವರ ಪರ ತೀರ್ಪು ಕೊಟ್ಟಿತು. ಮುಂದಿನ ತಿಂಗಳು ನ್ಯಾಯಮೂರ್ತಿ ಮಹಮ್ಮದ್ ಮುನೀರ್ ಅವರ ಫೆಡರಲ್ ಕೋರ್ಟು ಅದನ್ನು ತಳ್ಳಿಹಾಕಿತು. ಕಾರಣ ಗಮನಿಸು. ಸಿಂಧ್ ನ್ಯಾಯಾಲಯಕ್ಕೆ ಇಂಥ ಅರ್ಜಿ ಕೇಳುವ ಅಧಿಕಾರ ಕೊಟ್ಟ ಕಾನೂನಿಗೆ ಗವರ್ನರ್ ಜನರಲ್ಲನ ಅಂಕಿತವಿರಲಿಲ್ಲ, ಆದ್ದರಿಂದ ಅದು ಕಾನೂನೇ ಅಲ್ಲ ಎಂದಿತು ಕೋರ್ಟು. ಸಭೆ ಸಂವಿಧಾನ ಸಂಬಂಧದ ಕಾನೂನುಗಳಿಗೆ ಅಂಥ ಅಂಕಿತ ಬೇಕಿಲ್ಲವೆಂದು ವರ್ಷಗಟ್ಟಲೆ ನಡೆದುಕೊಂಡು ಬಂದಿತ್ತು. ಒಂದೇ ತೀರ್ಪಿನಿಂದ ಆ ಬಗೆಯ ಎಷ್ಟೋ ಕಾಯ್ದೆಗಳ ಬುಡ ಅಲುಗಿತು. ಸರ್ಕಾರವೇ ಗಾಬರಿಯಾಗಿ ಮತ್ತೆ ಕೋರ್ಟಿಗೆ ಓಡಿತು. ಅನಿವಾರ್ಯತೆಯ ಹೆಸರಿನಲ್ಲಿ ತಾತ್ಕಾಲಿಕ ಸಮ್ಮತಿ ಪಡೆಯಬೇಕಾಯಿತು. ತಮೀಜುದ್ದೀನರ ಮೊಕದ್ದಮೆಯ ಪೀಠದಲ್ಲಿದ್ದ ನ್ಯಾಯಮೂರ್ತಿ ಕಾರ್ನೀಲಿಯಸ್ ಒಬ್ಬರೇ ಭಿನ್ನಮತ ಬರೆದಿದ್ದರು. ಒಂದು ದೇಶ ತನ್ನ ಕಾನೂನುಗಳಲ್ಲಿ ಯಾವುವು ಜೀವಂತ, ಯಾವುವು ಸತ್ತಿವೆ ಎಂದು ಗೊತ್ತಿಲ್ಲದ ಸ್ಥಿತಿಗೆ ಬಂದು ನಿಂತಿತು. ಶತ್ರು ಗಡಿ ದಾಟದೆಯೇ ಬಂದ ಅಭದ್ರತೆ ಅದು.

ಪಾಕಿಸ್ತಾನಕ್ಕೆ ಕೊನೆಗೂ ಸಂವಿಧಾನ ಬಂದದ್ದು 1956ರ ಮಾರ್ಚ್ 23ರಂದು. ಅದು ಬಾಳಿದ್ದು ಎರಡೂವರೆ ವರ್ಷ. ಅದರಡಿ ಒಂದೂ ಸಾರ್ವತ್ರಿಕ ಚುನಾವಣೆ ನಡೆಯುವ ಮುಂಚೆಯೇ, 1958ರ ಅಕ್ಟೋಬರ್ 7ರಂದು ರಾಷ್ಟ್ರಾಧ್ಯಕ್ಷ ಇಸ್ಕಂದರ್ ಮಿರ್ಜಾ ಅದನ್ನು ರದ್ದು ಮಾಡಿ ಮಾರ್ಷಲ್ ಲಾ ಸಾರಿದರು. ಅದೇ ತಿಂಗಳ 27ರಂದು ಸುಪ್ರೀಂ ಕೋರ್ಟು, ಯಶಸ್ವಿಯಾದ ಕ್ಷಿಪ್ರಕ್ರಾಂತಿ ತನಗೆ ತಾನೇ ನ್ಯಾಯಸಮ್ಮತ ಎಂಬ ಅರ್ಥದ ತೀರ್ಪು ಕೊಟ್ಟಿತು. ಅಂದೇ ಅಯೂಬ್ ಖಾನ್ ಮಿರ್ಜಾರನ್ನು ಇಳಿಸಿ ತಾವು ಅಧಿಕಾರಕ್ಕೇರಿದರು. ನಿಯಮವನ್ನು ಕಿತ್ತೆಸೆದವನನ್ನು ಕಾಪಾಡಲು ಯಾವ ನಿಯಮವೂ ಉಳಿದಿರಲಿಲ್ಲ. ಮಿರ್ಜಾ ದೇಶ ಬಿಟ್ಟು ಲಂಡನ್ನಿನಲ್ಲಿ ಕೊನೆಯುಸಿರೆಳೆದರು. 1951ರ ಜನವರಿಯಲ್ಲಿ ಸೇನಾ ಮುಖ್ಯಸ್ಥರಾದ ಅಯೂಬ್ ಆ ಹುದ್ದೆಯಲ್ಲಿದ್ದಷ್ಟು ಕಾಲದಲ್ಲಿ ಪಾಕಿಸ್ತಾನ ಕಂಡ ಪ್ರಧಾನಿಗಳು ಏಳು ಮಂದಿ. ಪ್ರಧಾನಿಗಳು ಬದಲಾಗುತ್ತ ಹೋದರು, ಸೇನಾಪತಿ ಒಬ್ಬನೇ ಉಳಿದ. ಯಾವ ಕುರ್ಚಿ ಗಟ್ಟಿ ಎಂಬುದು ಪ್ರತಿ ಸಿಪಾಯಿಗೂ ಗೊತ್ತಾಗಿಹೋಯಿತು.

ಮೇಘನಾ, ಈಗ ನಮ್ಮ ನಾಡಿನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡು. ಕನ್ನಡಿಗರು ಐದಾರು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದರು. 1953ರಲ್ಲಿ ಏಕೀಕರಣಕ್ಕಾಗಿ ಅದರಗುಂಚಿ ಶಂಕರಗೌಡರು ಉಪವಾಸ ಕೂತರು, ಹುಬ್ಬಳ್ಳಿಯಲ್ಲಿ ಗಲಭೆಯಾಯಿತು. ಜನರ ಸಿಟ್ಟು ಸಣ್ಣದಾಗಿರಲಿಲ್ಲ. ಆದರೆ ಆ ಸಿಟ್ಟು ಹೋಗಿ ತಟ್ಟಲು ಒಂದು ಬಾಗಿಲಿತ್ತು. ಸಂವಿಧಾನದ 3ನೆಯ ವಿಧಿ ರಾಜ್ಯಗಳ ಗಡಿ ಬದಲಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿತ್ತು. ರಾಜ್ಯಗಳ ಮರುವಿಂಗಡಣೆಗೆಂದು ಫಜಲ್ ಅಲಿ ಆಯೋಗ ಬಂತು, ಊರೂರು ಸುತ್ತಿ ಅಹವಾಲು ಕೇಳಿತು, 1955ರ ಸೆಪ್ಟೆಂಬರ್ ಕೊನೆಗೆ ವರದಿ ಕೊಟ್ಟಿತು. 1956ರ ನವೆಂಬರ್ 1ರಂದು ನಮ್ಮ ರಾಜ್ಯ ಒಂದಾಯಿತು. ಎಲ್ಲ ಬೇಡಿಕೆಗಳೂ ಈಡೇರಲಿಲ್ಲ, ಗಡಿಯ ವ್ಯಾಜ್ಯ ಇಂದಿಗೂ ಇದೆ. ಆದರೆ ಆ ವ್ಯಾಜ್ಯ ನ್ಯಾಯಾಲಯದಲ್ಲಿದೆ.

ಆ ವರದಿ ಬಂದ ಎರಡೇ ವಾರಕ್ಕೆ, 1955ರ ಅಕ್ಟೋಬರ್ 14ರಂದು, ಪಾಕಿಸ್ತಾನ ತನ್ನ ಪಶ್ಚಿಮ ಭಾಗದ ಪ್ರಾಂತ್ಯಗಳನ್ನೆಲ್ಲ ಅಳಿಸಿ ಒಂದೇ ಘಟಕ ಮಾಡಿತು. ಸಿಂಧಿಗಳ, ಪಠಾಣರ, ಬಲೂಚಿಗಳ ಅಸಮಾಧಾನಕ್ಕೆ ಕಿವಿಗೊಡಲಿಲ್ಲ. ಪೂರ್ವ ಬಂಗಾಳದ ಪಾಡಂತೂ ಇನ್ನೂ ಕಷ್ಟದ್ದು. ದೇಶದ ಅರ್ಧಕ್ಕಿಂತ ಹೆಚ್ಚು ಜನ ಅಲ್ಲಿದ್ದರು. ತಮ್ಮ ಭಾಷೆಗೆ ಸ್ಥಾನ ಕೇಳಿದ ವಿದ್ಯಾರ್ಥಿಗಳ ಮೇಲೆ 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಗುಂಡು ಹಾರಿತು. 1954ರ ಪ್ರಾಂತೀಯ ಚುನಾವಣೆಯಲ್ಲಿ ಅಲ್ಲಿಯ ಸಂಯುಕ್ತ ರಂಗ ಮುಸ್ಲಿಂ ಲೀಗನ್ನು ನೆಲಕಚ್ಚಿಸಿತು. ಅದು ಅಧಿಕಾರ ಹಿಡಿದು ಎರಡು ತಿಂಗಳು ತುಂಬುವುದರೊಳಗೆ ಕೇಂದ್ರ ಆ ಸರ್ಕಾರವನ್ನು ವಜಾ ಮಾಡಿ, ರಕ್ಷಣಾ ಇಲಾಖೆಯ ಕಾರ್ಯದರ್ಶಿಯಾಗಿದ್ದ ಇಸ್ಕಂದರ್ ಮಿರ್ಜಾರನ್ನೇ ಗವರ್ನರ್ ಆಗಿ ಕಳಿಸಿತು. ಮತಪೆಟ್ಟಿಗೆಯಿಂದಲೂ ನ್ಯಾಯ ಸಿಗುವುದಿಲ್ಲವೆಂದು ಜನಕ್ಕೆ ಅನ್ನಿಸಿದರೆ ಆ ಪ್ರಾಂತ್ಯವನ್ನು ಯಾವ ಸೈನ್ಯ ತಾನೆ ಹಿಡಿದಿಟ್ಟೀತು?

ಸೈನ್ಯದ ಲೆಕ್ಕವೂ ಇಲ್ಲಿ ಬರುತ್ತದೆ. ಪೂರ್ವದ ರಕ್ಷಣೆ ಪಶ್ಚಿಮದಲ್ಲಿದೆ ಎಂಬುದು ಅಲ್ಲಿಯ ಸೇನಾ ನೀತಿ. 1965ರ ಯುದ್ಧದಲ್ಲಿ ಪೂರ್ವದ ಜನರಿಗೆ ತಮ್ಮನ್ನು ಕಾಯಲು ಯಾರೂ ಇಲ್ಲವೆನಿಸಿತು. ಮರುವರ್ಷ ಶೇಖ್ ಮುಜೀಬುರ್ ರಹಮಾನ್ ಮುಂದಿಟ್ಟ ಆರು ಅಂಶಗಳಲ್ಲಿ ಕೊನೆಯದು, ಪೂರ್ವಕ್ಕೆ ತನ್ನದೇ ರಕ್ಷಣಾ ಪಡೆ ಬೇಕೆಂಬುದು. ಸಂವಿಧಾನದ ಪ್ರಶ್ನೆಯೂ ಭದ್ರತೆಯ ಪ್ರಶ್ನೆಯೂ ಒಂದೇ ಆಗಿದ್ದವು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೊನೆಯ ಘಟ್ಟ ನಿನಗೆ ಗೊತ್ತಿರುವುದೇ. ಅಯೂಬ್ ತಾವೇ ಕೊಟ್ಟ 1962ರ ಸಂವಿಧಾನ 1969ರ ಮಾರ್ಚಿನಲ್ಲಿ ಅವರ ಜತೆಗೇ ಹೋಯಿತು. ಜನರಲ್ ಯಾಹ್ಯಾ ಖಾನ್ ಬಂದರು. ಸ್ವಾತಂತ್ರ್ಯ ಬಂದ 23 ವರ್ಷಗಳ ಮೇಲೆ, 1970ರ ಡಿಸೆಂಬರಿನಲ್ಲಿ, ವಯಸ್ಕ ಮತದಾನದ ಮೊದಲ ಸಾರ್ವತ್ರಿಕ ಚುನಾವಣೆ ನಡೆಯಿತು. ಗೆದ್ದ ಸದಸ್ಯರು 120 ದಿನಗಳಲ್ಲಿ ಸಂವಿಧಾನ ಬರೆಯಬೇಕೆಂಬುದು ಯಾಹ್ಯಾರ ಷರತ್ತು. ಪೂರ್ವದ 162 ಸಾಮಾನ್ಯ ಸ್ಥಾನಗಳಲ್ಲಿ 160ನ್ನು ಮುಜೀಬರ ಅವಾಮಿ ಲೀಗ್ ಗೆದ್ದಿತು, ಇಡೀ ದೇಶದಲ್ಲಿ ಅದಕ್ಕೇ ಸ್ಪಷ್ಟ ಬಹುಮತ. ಆದರೆ ಬಹುಮತ ಬಂದವರಿಗೆ ಅಧಿಕಾರ ಕೊಡಲೇಬೇಕೆಂದು ಕಟ್ಟಿಹಾಕುವ ಸಂವಿಧಾನ ಆಗ ಜಾರಿಯಲ್ಲಿರಲಿಲ್ಲ. ಇದ್ದದ್ದು ಒಬ್ಬ ಜನರಲ್ಲನ ಆದೇಶ. ಮರುವರ್ಷ ಮಾರ್ಚ್ 3ಕ್ಕೆ ಸೇರಬೇಕಿದ್ದ ಸಭೆಯನ್ನು ಯಾಹ್ಯಾ ಎರಡು ದಿನ ಮುಂಚೆ ಮುಂದೂಡಿದರು. 25ರ ರಾತ್ರಿ ಸೈನ್ಯ ತನ್ನದೇ ಜನರ ಮೇಲೆ ಬಿತ್ತು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿಯ ಪತ್ರಕ್ಕೆ ಸಹಿ ಬಿತ್ತು, ಸುಮಾರು 93,000 ಮಂದಿ ಸೆರೆಯಾದರು. ಪಾಕಿಸ್ತಾನ ಒಡೆಯಲು ಹಣದ ಹಂಚಿಕೆ, ಭಾಷೆ, ದುರಹಂಕಾರ, ಹೊರಗಿನ ಯುದ್ಧ ಎಲ್ಲವೂ ಕಾರಣಗಳೇ. ಆದರೆ ಆ ಗಾಯಗಳನ್ನು ಮಾಯಿಸಲು ಎಲ್ಲರೂ ಒಪ್ಪಿದ ಒಂದು ಬಾಳುವ ದಾರಿ ಇರಲಿಲ್ಲವೆಂಬುದು ಎಲ್ಲದರ ಬುಡದಲ್ಲಿದೆ. ಜನಪ್ರತಿನಿಧಿಗಳು ಕೂತು ಬರೆದು ಒಪ್ಪಿದ ಸಂವಿಧಾನ ಅಲ್ಲಿಗೆ ಮತ್ತೆ ಬಂದದ್ದು 1973ರಲ್ಲಿ. ಅಷ್ಟು ಹೊತ್ತಿಗೆ ಅರ್ಧ ದೇಶ ಕೈಬಿಟ್ಟಿತ್ತು.

ಇನ್ನು ನಿನ್ನ ಇಸ್ರೇಲ್. 1948ರ ಮೇ 14ರ ಘೋಷಣೆಯಲ್ಲಿ ಅದೇ ವರ್ಷ ಅಕ್ಟೋಬರ್ 1ರೊಳಗೆ ಸಂವಿಧಾನ ತರುವುದಾಗಿ ಆ ದೇಶ ಮಾತು ಕೊಟ್ಟಿತ್ತು. ಯುದ್ಧ ನಡೆದಿತ್ತು, ಧರ್ಮ ಮತ್ತು ರಾಜ್ಯದ ಸಂಬಂಧದ ಬಗ್ಗೆ ಒಮ್ಮತವಿರಲಿಲ್ಲ. 1950ರ ಜೂನಿನಲ್ಲಿ ಸಂಸತ್ತು ಅಧ್ಯಾಯ ಅಧ್ಯಾಯವಾಗಿ ಮೂಲ ಕಾಯ್ದೆಗಳನ್ನು ಮಾಡುತ್ತ ಹೋಗೋಣ ಎಂದು ತೀರ್ಮಾನಿಸಿತು. ಅದರ ಬೆಲೆ ತಿಳಿದದ್ದು 1973ರ ಯುದ್ಧದಲ್ಲಿ. ಅನಿರೀಕ್ಷಿತ ದಾಳಿಯ ಬಗ್ಗೆ ವಿಚಾರಣೆ ನಡೆಸಿದ ಅಗ್ರಾನಾತ್ ಆಯೋಗ, ಪ್ರಧಾನಿ, ರಕ್ಷಣಾ ಮಂತ್ರಿ, ಸೇನಾ ಮುಖ್ಯಸ್ಥ ಈ ಮೂವರ ಅಧಿಕಾರ ಮತ್ತು ಹೊಣೆ ಎಲ್ಲಿ ಶುರು, ಎಲ್ಲಿ ಕೊನೆ ಎಂಬುದು ಸ್ಪಷ್ಟವಿಲ್ಲವೆಂದು ಎತ್ತಿ ತೋರಿಸಿತು. ನಾಲ್ಕು ಯುದ್ಧ ಮಾಡಿದ ದೇಶದಲ್ಲಿ ಆ ಪ್ರಶ್ನೆಗೆ ಲಿಖಿತ ಉತ್ತರವಿರಲಿಲ್ಲ! ಸೈನ್ಯ ಸರ್ಕಾರದ ಅಧೀನ ಎಂದು ಸಾರುವ ಮೂಲ ಕಾಯ್ದೆ ಬಂದದ್ದು 1976ರಲ್ಲಿ.

2023ರಲ್ಲಿ ಮತ್ತೆ ಅದೇ ಬಿರುಕು ಬಾಯಿ ತೆರೆಯಿತು. ನ್ಯಾಯಾಲಯದ ಅಧಿಕಾರವನ್ನು ಸರ್ಕಾರ ಎಷ್ಟು ಮೊಟಕು ಮಾಡಬಹುದು ಎಂಬ ಜಗಳ ಬೀದಿಗೆ ಬಂತು. ಸಾಮಾನ್ಯ ಬಹುಮತದಿಂದಲೇ ಮೂಲ ಕಾಯ್ದೆಯೊಂದನ್ನು ತಿದ್ದಬಹುದಾದಲ್ಲಿ ಅಂಥ ಜಗಳ ಅಲ್ಲಿಗೇ ನಿಲ್ಲುವುದಿಲ್ಲ. ವಾಯುಪಡೆಯ ಪೈಲಟ್‌ಗಳೂ ಸೇರಿ ಎಷ್ಟೋ ಮೀಸಲು ಯೋಧರು ಸ್ವಯಂಸೇವೆಗೆ ಬರುವುದಿಲ್ಲವೆಂದರು. ಈ ಬಿರುಕು ದೇಶದ ಭದ್ರತೆಗೇ ಅಪಾಯವೆಂದು ರಕ್ಷಣಾ ಮಂತ್ರಿ ಯೋವಾವ್ ಗ್ಯಾಲಂಟ್ ಮಾರ್ಚ್ 25ರಂದು ಬಹಿರಂಗವಾಗಿ ಎಚ್ಚರಿಸಿದರು. ಮರುದಿನ ಪ್ರಧಾನಿ ಅವರನ್ನು ತೆಗೆಯುವುದಾಗಿ ಘೋಷಿಸಿದರು, ಜನ ರಾತ್ರೋರಾತ್ರಿ ರಸ್ತೆಗಿಳಿದ ಮೇಲೆ ಹಿಂದೆ ಸರಿದರು. ಆ ವರ್ಷ ಅಕ್ಟೋಬರಿನ ಹಮಾಸ್ ದಾಳಿಗೆ ಇದೇ ಕಾರಣವೆಂದು ನಾನು ಹೇಳಲಾರೆ. ಆದರೆ ನಿಯಮದ ಪುಸ್ತಕದ ಬಗ್ಗೆಯೇ ಜಗಳವಾದಾಗ ಅದು ಸೇನಾ ನೆಲೆಯ ಒಳಗೂ ಹೊಗುತ್ತದೆ ಎಂಬುದನ್ನು ಅವರ ರಕ್ಷಣಾ ಮಂತ್ರಿಯೇ ಹೇಳಿದ್ದು ನಿನ್ನ ಪ್ರಶ್ನೆಗೆ ಅರ್ಧ ಉತ್ತರ.

ಉಳಿದರ್ಧ ಬ್ರಿಟನ್ನಿನಲ್ಲಿದೆ. ಒಂದೇ ಗ್ರಂಥದ ಸಂವಿಧಾನ ಅವರಿಗಿಲ್ಲ, ನಿಜ. ಆದರೆ 1689ರ ಹಕ್ಕುಗಳ ಮಸೂದೆಯನ್ನು ಓದು. ಶಾಂತಿಕಾಲದಲ್ಲಿ ಸಂಸತ್ತಿನ ಒಪ್ಪಿಗೆಯಿಲ್ಲದೆ ರಾಜ ಸೈನ್ಯ ಇಟ್ಟುಕೊಳ್ಳುವಂತಿಲ್ಲ ಎಂದು ಅದರಲ್ಲಿ ಬರೆದೇ ಇದೆ. ಇಂದಿಗೂ ಅವರ ಸಶಸ್ತ್ರ ಪಡೆಗಳ ಕಾಯ್ದೆಯನ್ನು ಸಂಸತ್ತು ಐದೈದು ವರ್ಷಕ್ಕೊಮ್ಮೆ ಹೊಸದಾಗಿ ಮಾಡಬೇಕು. ಕ್ರಾಮ್‌ವೆಲ್ಲನ ದಂಡಾಡಳಿತವನ್ನೂ ಎರಡನೆಯ ಜೇಮ್ಸನ ಸೈನ್ಯವನ್ನೂ ಕಂಡ ಜನ, ಬಾಕಿ ಎಲ್ಲವನ್ನೂ ರೂಢಿಗೆ ಬಿಟ್ಟರೂ ಬಂದೂಕಿನ ವಿಷಯವನ್ನು ಬರೆದಿಟ್ಟರು. ಬರೆಯದೆ ಬಿಟ್ಟ ಕಡೆ ಏನಾಯಿತೆಂಬುದೂ ಗೊತ್ತಿದೆ. 1909ರಲ್ಲಿ ಹುಟ್ಟಿದ ಅವರ ಎಂಐ5 ಬೇಹುಗಾರಿಕೆ ಸಂಸ್ಥೆ ಸಂಸತ್ತಿನ ಯಾವ ಕಾಯ್ದೆಯ ಆಧಾರವೂ ಇಲ್ಲದೆ 1989ರವರೆಗೆ ನಡೆಯಿತು.

ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾಗುವಾಗ ಹಿರಿಯರು ಪಾಲುಪತ್ರ ಬರೆಸುವುದು ಯಾಕೆ? ಪ್ರೀತಿ ಇದ್ದಾಗಲೇ ಬದುವಿನ ಗುರುತು ಬರೆದಿಟ್ಟರೆ, ಮುಂದೆ ಮನಸ್ಸು ಮುರಿದ ದಿನ ಬಡಿಗೆ ಹೊರಬರುವುದಿಲ್ಲ. ನೂರಾರು ವರ್ಷ ಒಂದೇ ರೂಢಿಯಲ್ಲಿ ಉತ್ತು ಬಂದ ಮನೆಗೆ ಪತ್ರವಿಲ್ಲದೆಯೂ ನಡೆದೀತು. ನಿನ್ನೆ ಮೊನ್ನೆ ಒಟ್ಟಾದ ಮನೆಗೆ ನಡೆಯದು. ಬ್ರಿಟನ್ನಿಗೂ ಹೊಸದಾಗಿ ಸ್ವತಂತ್ರವಾದ ನಮ್ಮಂಥ ದೇಶಗಳಿಗೂ ಇರುವ ವ್ಯತ್ಯಾಸ ಅದೇ.

ಹಾಗೆಂದು ಕಾಗದವೊಂದೇ ಕಾಯುತ್ತದೆಂದು ನಂಬಬೇಡ. ಪಾಕಿಸ್ತಾನದ 1973ರ ಸಂವಿಧಾನವಿದ್ದಾಗಲೂ 1977ರಲ್ಲಿ, 1999ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ನಮ್ಮಲ್ಲೂ 1975ರ ಜೂನ್ 25ರ ರಾತ್ರಿ ಮಂತ್ರಿಮಂಡಲ ಸೇರುವ ಮೊದಲೇ ತುರ್ತು ಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಯ ಸಹಿ ಬಿತ್ತು. ಮಂತ್ರಿಗಳಿಗೆ ತಿಳಿದದ್ದು ಮರುದಿನ ಬೆಳಗ್ಗೆ. ಆದರೆ ಮುಂದೇನಾಯಿತು ನೋಡು. ಜನ ಚುನಾವಣೆಯಲ್ಲಿ ಉತ್ತರ ಕೊಟ್ಟರು. 1978ರ 44ನೆಯ ತಿದ್ದುಪಡಿ ಮುರಿದ ಜಾಗಕ್ಕೇ ಬೆಸುಗೆ ಹಾಕಿತು. ಮಂತ್ರಿಮಂಡಲದ ತೀರ್ಮಾನ ಲಿಖಿತವಾಗಿ ಕೈಸೇರದೆ ರಾಷ್ಟ್ರಪತಿ ಅಂಥ ಘೋಷಣೆ ಹೊರಡಿಸುವಂತಿಲ್ಲ. 'ಆಂತರಿಕ ಕ್ಷೋಭೆ' ಎಂಬ ಸಡಿಲ ಕಾರಣ ಹೋಗಿ 'ಸಶಸ್ತ್ರ ಬಂಡಾಯ' ಬಂತು. ಜೀವದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲವೆಂದಾಯಿತು. ತಪ್ಪು ಎಲ್ಲಿ ನಡೆಯಿತೆಂದು ಬೆರಳಿಟ್ಟು ತೋರಿಸಿ ತಿದ್ದಲು ಆಗಿದ್ದು ಅದು ಬರಹದಲ್ಲಿ ಇದ್ದುದರಿಂದ. ಇಷ್ಟೆಲ್ಲ ನಡೆದಾಗಲೂ ನಮ್ಮ ಸೈನ್ಯ ತನ್ನ ಪಾಳೆಯದಲ್ಲೇ ಇತ್ತು.

ಆ ಬರಹದಲ್ಲಿ ನಮ್ಮ ನೆಲದವರ ಕೈಯೂ ಇದೆ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡನ್ನು ಸಿದ್ಧಪಡಿಸಿದರು. ಅಂಬೇಡ್ಕರ್ ತಮ್ಮ ಸಮಾರೋಪ ಭಾಷಣದಲ್ಲಿ ಅವರನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ಇದೇ ರಾಯರು ಮುಂದೆ 1950ರಲ್ಲಿ, ಕೊರಿಯಾ ಯುದ್ಧ ಶುರುವಾದ ಹೊತ್ತಿನಲ್ಲಿ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ಸಂವಿಧಾನವೂ ಭದ್ರತೆಯೂ ಬೇರೆ ಬೇರೆ ಮನೆಯ ವಿಷಯಗಳೆಂದು ಅವರಿಗೆ ಅನ್ನಿಸಿರಲಾರದು.

ಅಂಬೇಡ್ಕರರ ಆ ಭಾಷಣ 1949ರ ನವೆಂಬರ್ 25ರದ್ದು, ಚೆನ್ನೈಗೆ ಹೊರಡುವ ಮುಂಚೆ ಓದು. ಸಂವಿಧಾನ ಎಷ್ಟೇ ಒಳ್ಳೆಯದಾಗಿದ್ದರೂ ನಡೆಸುವವರು ಕೆಟ್ಟವರಾದರೆ ಅದೂ ಕೆಡುತ್ತದೆಂದು ಅವರು ಅಂದೇ ಎಚ್ಚರಿಸಿದ್ದರು. ಅದರ ಜತೆಗೆ 53ನೆಯ ವಿಧಿಯನ್ನು ನೋಡು. ರಕ್ಷಣಾ ಪಡೆಗಳ ಪರಮಾಧಿಕಾರ ರಾಷ್ಟ್ರಪತಿಯದು, ಆದರೆ ಅದರ ಚಲಾವಣೆ ಕಾನೂನಿನ ಹಿಡಿತದಲ್ಲಿರಬೇಕು ಎಂದು ಒಂದೇ ವಾಕ್ಯದಲ್ಲಿ ಹೇಳಿದೆ. ನಮ್ಮ ಮಗ್ಗುಲಿನ ದೇಶ ಇಪ್ಪತ್ತೈದು ವರ್ಷ ಹುಡುಕಿದ ಉತ್ತರ ಅದು.

ನಾಳೆ ನಿನ್ನ ಕೈಕೆಳಗೆ ಹಳ್ಳಿಗಳಿಂದ ಬಂದ ಎಳೆಯ ಜವಾನರು ಇರುತ್ತಾರೆ. ಶಿಸ್ತು, ಗುರಿ, ಕವಾಯತು ಎಲ್ಲವನ್ನೂ ನೀನು ಕಲಿಸುತ್ತೀ. ಅದರ ನಡುವೆ ಬಿಡುವು ಮಾಡಿಕೊಂಡು ಇದನ್ನೂ ಅವರಿಗೆ ಅವರ ಮಾತಿನಲ್ಲೇ ತಿಳಿಸಿ ಹೇಳು. ತಾವು ಯಾರ ಆಳೂ ಅಲ್ಲ, ಯಾವ ನಾಯಕನ ಖಾಸಗಿ ಪಡೆಯೂ ಅಲ್ಲ, ಕೋಟ್ಯಂತರ ಜನ ಒಪ್ಪಿ ಬರೆದುಕೊಂಡ ಮಾತಿನ ಕಾವಲುಗಾರರು ಎಂದು ತಿಳಿದ ಸಿಪಾಯಿ ಗಡಿಯಲ್ಲೂ ಗಟ್ಟಿಯಾಗಿ ನಿಲ್ಲುತ್ತಾನೆ, ಊರೊಳಗೂ ಹದ್ದು ಮೀರುವುದಿಲ್ಲ. ನಿನ್ನಂಥ ಅಧಿಕಾರಿಯಿಂದ ಈ ದೇಶ ಬಯಸುವ ಭದ್ರತೆ ಅದು.

ಆರೋಗ್ಯ ನೋಡಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಬಿಡುವಾದಾಗ ಬರೆಯುತ್ತಿರು. ನನ್ನ ಮಾತು ಒಪ್ಪಿಗೆಯಾಗದ ಕಡೆ ಧಾರಾಳವಾಗಿ ವಾದಿಸು, ಉತ್ತರ ಬರೆಯಲು ನನಗೂ ಸಂತೋಷ.

ಇತಿ ನಿನ್ನ ಶ್ರೇಯಸ್ಸು ಬಯಸುವ,
ದೊಡ್ಡಪ್ಪ